ಓವನ್‌ಗೆ ಯಾವ ಮೀನು: ರೋಹು, ಸುರಮಯಿ, ಬಾಸಾ?

ಬಾಗಲಕೋಟೆಯ ಮನೆಯಲ್ಲಿ ಮೀನು ಬೇಕ್ ಮಾಡಿ ಪಾಸ್ತಾ ಜೊತೆ ಬಡಿಸಬೇಕು, ಯಾವ ಮೀನು ತರಲಿ ಅಂತ ಕೇಳಿದ್ದೀರಿ.

ಮೊದಲು ಮುಳ್ಳಿನ ಮಾತು. ಪಾಸ್ತಾಕ್ಕೆ ಇದೇ ದೊಡ್ಡ ವಿಷಯ. ಆಲಮಟ್ಟಿ ಹಿನ್ನೀರಿನ ತಾಜಾ ರೋಹು ಸಿಕ್ಕರೆ ರುಚಿಗೆ ಮೋಸವಿಲ್ಲ. ಆದರೆ ಅದರ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ರೊಟ್ಟಿ ಜೊತೆ ತಿನ್ನುವಾಗ ಬೆರಳಿಗೆ ಸಿಗುತ್ತವೆ. ಫೋರ್ಕಿಗೆ ಪಾಸ್ತಾ ಸುತ್ತಿ ಬಾಯಿಗಿಟ್ಟರೆ ಗಂಟಲಿಗೇ ಗೊತ್ತಾಗೋದು! ಸುರಮಯಿ (ಅಂಜಲ್) ತುಂಡಿನಲ್ಲಿ ನಡುಮೂಳೆ ತೆಗೆದರೆ ಹೆಚ್ಚುಕಡಿಮೆ ಮುಗೀತು. ಬಾಸಾ ಸಾಮಾನ್ಯವಾಗಿ ಫ್ರೋಜನ್ ಫಿಲೆಟ್ ಆಗಿ, ಅಂದರೆ ಮುಳ್ಳು ತೆಗೆದ ಹೋಳಾಗಿ ಸಿಗುತ್ತದೆ, ಮುಳ್ಳಿನ ಚಿಂತೆಯೇ ಇಲ್ಲ.

ದುಡ್ಡಿನ ಲೆಕ್ಕದಲ್ಲಿ ಸಾಮಾನ್ಯವಾಗಿ ರೋಹು ಅಗ್ಗ, ಸುರಮಯಿ ದುಬಾರಿ. ಸುರಮಯಿ ಕರಾವಳಿಯಿಂದ ಐಸ್‌ನಲ್ಲಿ ಬರಬೇಕು, ಅಲ್ವಾ? ಬೆರಳಿನಿಂದ ಒತ್ತಿ ನೋಡಿ. ಗುಳಿ ಹಾಗೇ ಉಳಿದರೆ ಸುಮ್ನೆ ವಾಪಸ್ ಬನ್ನಿ.

ಬೇಯಿಸುವುದು ಮೂರಕ್ಕೂ ಬೇರೆ ಬೇರೆ. ಓವನ್ 200 ಡಿಗ್ರಿ ಇರಲಿ. ಒಂದು ಇಂಚು ದಪ್ಪದ ಸುರಮಯಿಗೆ 12ರಿಂದ 15 ನಿಮಿಷ ಸಾಕು, ಜಾಸ್ತಿ ಬಿಟ್ಟರೆ ಒಣಗುತ್ತದೆ. ಎಣ್ಣೆಯಲ್ಲಿ ಜಿಪುಣತನ ಬೇಡ. ಫ್ರೋಜನ್ ಬಾಸಾ ನೀರು ಬಿಡುತ್ತದೆ. ರಾತ್ರಿಯೇ ಫ್ರಿಜ್‌ನ ಕೆಳಗಡೆ ಇಟ್ಟು ಕರಗಿಸಿ, ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸಿ. ಇಲ್ಲದಿದ್ದರೆ ತಟ್ಟೆಯಲ್ಲಿ ಸಾರು ನಿಲ್ಲುತ್ತದೆ. ರುಚಿಯೂ ಸಪ್ಪೆ, ಬೆಳ್ಳುಳ್ಳಿ, ನಿಂಬೆ, ಮೆಣಸು ಧಾರಾಳವಾಗಿ ಬೇಕು. ರೋಹುಗೆ ಗೀರು ಹಾಕಿ, ಫಾಯಿಲ್‌ನಲ್ಲಿ ಸುತ್ತಿಡಿ.

ಮಕ್ಕಳಿದ್ದರೆ, ಮೊದಲ ಸಲ ಮಾಡುತ್ತಿದ್ದರೆ ಬಾಸಾ. ನೆಂಟರು ಬರುತ್ತಿದ್ದರೆ, ತಾಜಾ ಸಿಕ್ಕರೆ ಸುರಮಯಿ. ಮುಳ್ಳು ಬಿಡಿಸಿ ತಿನ್ನುವ ತಾಳ್ಮೆಯಿರುವ ಮನೆಗೆ ರೋಹು. ಆಗ ಪಾಸ್ತಾವನ್ನು ಬೇರೆ ತಟ್ಟೆಯಲ್ಲಿ ಬಡಿಸಿ.