ಹೆಸರುಕಾಳಿನ ಸಿಪ್ಪೆ ಕೆಡಿಸಿದ ಕೊಲೊನೋಸ್ಕೋಪಿ

ಬಳ್ಳಾರಿಯ ಒಂದು ಎಂಡೋಸ್ಕೋಪಿ ಸೆಂಟರ್‌ಗೆ ಈ ವರ್ಷ ಎರಡು ಸಲ ಕೊಲೊನೋಸ್ಕೋಪಿಗೆ, ಅಂದರೆ ಪೈಪು ಹಾಕಿ ದೊಡ್ಡ ಕರುಳು ನೋಡುವ ಟೆಸ್ಟಿಗೆ, ಹೋಗಿಬಂದೆ. ಹೊಗಳುವುದೂ ಇದೆ, ಬೈಯುವುದೂ ಇದೆ. ಹಾಗಾಗಿ ಹೆಸರು ಬೇಡ.

ನಾನು ಸಿರುಗುಪ್ಪ ರೂಟಿನ ಬಸ್ ಕಂಡಕ್ಟರ್. ಒಂಬತ್ತು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಗೋಡೆ ಊದಿ ಹುಣ್ಣಾಗುವ ಕಾಯಿಲೆ ಇದೆ. ಬಳ್ಳಾರಿಯಿಂದ ಸಿಂಧನೂರಿನವರೆಗೆ ಪಾಯಿಖಾನೆ ಎಲ್ಲೆಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ! ಈಗ ಮೆಸಲಮೈನ್ ಮಾತ್ರೆಯಲ್ಲಿ ಆರಾಮಾಗಿದ್ದೇನೆ, ರಕ್ತ ಹೋಗುವುದು ನಿಂತಿದೆ. ಮತ್ತೆ ಯಾಕೆ ಈ ಟೆಸ್ಟ್? ಈ ಕಾಯಿಲೆ ಹಳೆಯದಾದಷ್ಟೂ ಕರುಳಿನ ಕ್ಯಾನ್ಸರ್ ಭಯ ಇರುತ್ತದೆ, ಅದಕ್ಕೆ. ಅದನ್ನೂ ಆರಾಮಿದ್ದಾಗಲೇ ಮಾಡಿಸಬೇಕು. ಕರುಳು ಕೆಂಪಗೆ ಊದಿಕೊಂಡಿದ್ದರೆ ಸುಮ್ನೆ ಉರಿಯೂತ ಯಾವುದು, ಕ್ಯಾನ್ಸರ್ ಕಡೆ ತಿರುಗುತ್ತಿರುವ ಜಾಗ ಯಾವುದು ಅಂತ ಗೊತ್ತಾಗುವುದು ಕಷ್ಟ. ಕಾಯಿಲೆ ಶುರುವಾಗಿ 8 ವರ್ಷ ಆದರೆ ಒಮ್ಮೆ ನೋಡಿಸಲೇಬೇಕು. ಗುದದ ಹತ್ತಿರ ಮಾತ್ರ ಇದ್ದವರಿಗೆ ಅಷ್ಟು ಭಯವಿಲ್ಲ, ನನಗೆ ದೊಡ್ಡ ಕರುಳು ಪೂರ್ತಿ ಹಬ್ಬಿದೆ. ಜೊತೆಗೆ ಪಿತ್ತನಾಳದ ಪಿಎಸ್‌ಸಿ ಕಾಯಿಲೆಯೂ ಇದ್ದರೆ 8 ವರ್ಷ ಕಾಯುವ ಹಾಗೇ ಇಲ್ಲ, ಪ್ರತಿ ವರ್ಷ ಮಾಡಿಸಬೇಕು.

ಮೊದಲ ಸಲ ಟೆಸ್ಟ್ ಕೆಟ್ಟಿತು. ಸೂಚನೆಯ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೌಂಟರಿನ ಹುಡುಗಿ ಕರುಳು ಖಾಲಿ ಮಾಡುವ ಪುಡಿಯ ಪ್ಯಾಕೆಟ್ ಕೊಟ್ಟು "ಕುಡೀರಿ, ಆಯ್ತು" ಅಂದಳು, ಅಷ್ಟೇ. ಡಾಕ್ಟರು ಐದೇ ನಿಮಿಷಕ್ಕೆ ಪೈಪು ಹೊರಗೆ ತೆಗೆದರು.

"ನಿನ್ನೆ ಏನು ತಿಂದಿದ್ರಿ?"

"ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಸರ್."

"ಗೊತ್ತಾಯ್ತು, ನೋಡಿ ಇಲ್ಲಿ" ಅಂತ ಫೋಟೋ ತೋರಿಸಿದರು. ಕರುಳಿನ ಗೋಡೆಗೆ ಹಸಿರು ಸಿಪ್ಪೆ ಅಂಟಿಕೊಂಡಿತ್ತು. ನಾಚಿಕೆ ಆಯಿತು, ಸಿಟ್ಟೂ ಬಂತು. ಆ ಚೀಟಿಯನ್ನು ಕನ್ನಡದಲ್ಲಿ ಕೊಡೋಕೆ ಏನು ಕಷ್ಟ? ಆದರೆ ಕಾಣದ್ದನ್ನು ಕಂಡೆ ಅಂತ ರಿಪೋರ್ಟ್ ಬರೆಯದೆ ವಾಪಸ್ ಕಳಿಸಿದರಲ್ಲ, ಅದಕ್ಕೆ ಈ ಡಾಕ್ಟರನ್ನು ನಂಬಿದೆ.

ಎರಡನೇ ಸಲ ಮೂರು ದಿನ ಬಿಳಿ ಅನ್ನ, ಮಜ್ಜಿಗೆ. ರೊಟ್ಟಿ, ಕಾಳು, ಸೊಪ್ಪು ಬಂದ್. ಎರಡು ಲೀಟರ್ ಪುಡಿ ನೀರು, ಅರ್ಧ ಸಂಜೆ, ಅರ್ಧ ಬೆಳಗಿನ ಜಾವ ನಾಲ್ಕಕ್ಕೆ. ಕೆಟ್ಟ ನಿಂಬೆ ಸೋಡಾಕ್ಕೆ ಸಮುದ್ರದ ಉಪ್ಪು ಹಾಕಿದ ಹಾಗೆ. ಕೊನೆಗೆ ಬರೀ ತಿಳಿ ಹಳದಿ ನೀರು ಹೋಗಬೇಕು.

ಈ ಸಲ ನನ್ನ ಹೆಂಡತಿ ಹೊರಗೆ ಗಡಿಯಾರ ನೋಡುತ್ತಾ ಕೂತಿದ್ದಳು. ಮುಕ್ಕಾಲು ಗಂಟೆ ಹಿಡಿಯಿತು. ಕರುಳಿಗೆ ನೀಲಿ ಬಣ್ಣ ಸಿಂಪಡಿಸಿ ನೋಡಿದರಂತೆ. ನಮ್ಮಂಥವರಿಗೆ ಕೆಟ್ಟ ಜಾಗ ಗಂಟಿನ ಹಾಗೆ ಎದ್ದು ಕಾಣಲೇಬೇಕೆಂದಿಲ್ಲ, ಚಪ್ಪಟೆಯಾಗಿಯೂ ಇರುತ್ತದೆ. ಬಣ್ಣ ಬಿದ್ದರೆ ಅದರ ಅಂಚು ಕಾಣುತ್ತದೆ. ಅಲ್ಲಲ್ಲಿ ಚೂರು ಚೂರು ಮಾಂಸ ತೆಗೆದು, ಯಾವ ಭಾಗದ್ದು ಅಂತ ಬರೆದು ಬೇರೆ ಬೇರೆ ಬಾಟಲಿಗೆ ಹಾಕಿದ್ದರು. ಬಯಾಪ್ಸಿಗೆ ಬೇರೆ ಬಿಲ್. ಅದನ್ನೂ ಮೊದಲೇ ಹೇಳಲಿಲ್ಲ. ಹತ್ತು ದಿನಕ್ಕೆ ರಿಪೋರ್ಟ್ ಬಂತು, ಡಿಸ್‌ಪ್ಲೇಸಿಯಾ (ಕ್ಯಾನ್ಸರ್ ಕಡೆ ತಿರುಗುವ ಬದಲಾವಣೆ) ಇಲ್ಲ. ಮೂರು ವರ್ಷಕ್ಕೆ ಮತ್ತೆ ಬನ್ನಿ ಅಂದಿದ್ದಾರೆ.

ಡಾಕ್ಟರಿಗೆ ಐದು ಸ್ಟಾರ್, ಕೌಂಟರಿಗೆ ಎರಡು. ಟಾಯ್ಲೆಟ್‌ಗೆ ಒಂದು, ಯಾಕಂದರೆ ಇರುವುದೇ ಒಂದು. ಪುಡಿ ಕುಡಿದು ಬಂದ ಆರು ಜನ ಕಾಯುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ.

ಇನ್ನೊಂದು ಮಾತು. ದೂರದ ಊರಿನವರು ಬೆಳಗಿನ ಬಸ್ಸಿಗೆ ಬರುವ ಯೋಚನೆ ಬಿಡಿ, ಹಿಂದಿನ ರಾತ್ರಿಯೇ ಬಳ್ಳಾರಿಗೆ ಬಂದು ಉಳಿಯಿರಿ. ಮೊದಲ ಸಲ ನಾನು ಬಸ್ಸಿಗೇ ಬಂದಿದ್ದೆ. ಡ್ರೈವರ್ ನಮ್ಮವನೇ ಆಗಿದ್ದಕ್ಕೆ ದಾರಿಯಲ್ಲಿ ಎರಡು ಕಡೆ ನಿಲ್ಲಿಸಿದ.