ಕೇಳಿ ಬಡಿಸುವುದೋ, ನೋಡಿ ಬಡಿಸುವುದೋ?

ಶಿರಸಿ ಹತ್ತಿರ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ಹೋದ ವರ್ಷ ಟೋಕಿಯೋದಲ್ಲಿರುವ ಮಗಳ ಮನೆಗೆ ಹೋದಾಗ ಎರಡು ಥರದ ಜಾಗಗಳಲ್ಲಿ ಉಳಿದೆ. ಒಂದು ಟೋಕಿಯೋ ಹತ್ತಿರದ ಹಕೋನೆ ಊರಿನ ಹಳೇ ರಿಯೋಕಾನ್, ಅಂದರೆ ಜಪಾನಿನ ಸಾಂಪ್ರದಾಯಿಕ ವಸತಿಗೃಹ, ಎರಡು ಊಟ ಸೇರಿ ಒಬ್ಬರಿಗೆ 25,000 ಯೆನ್. ಇನ್ನೊಂದು ಟೋಕಿಯೋದ ಬಿಸಿನೆಸ್ ಹೋಟೆಲ್, 9,000 ಯೆನ್. ಜಪಾನಿನವರು 'ಒಮೊತೆನಾಶಿ' ಅನ್ನುವ ಉಪಚಾರ ಎರಡೂ ಕಡೆ ಇತ್ತು, ಆದರೆ ದಾರಿ ಬೇರೆ ಬೇರೆ. ಊರಿಗೆ ಬಂದ ಮೇಲೆ ಎರಡನ್ನೂ ನಮ್ಮಲ್ಲಿ ಮಾಡಿ ನೋಡಿದೆ.

ಮೊದಲು ರಿಯೋಕಾನ್. ಕೋಣೆಗೆ ಹೋದ ಕೂಡಲೇ ನಾಕಾಯಿ, ಅಂದರೆ ನಮ್ಮ ಕೋಣೆ ನೋಡಿಕೊಳ್ಳುವ ಹೆಂಗಸು, ಹಸಿರು ಚಹಾ ಮತ್ತು ಒಂದು ಸಣ್ಣ ಸಿಹಿ ಇಟ್ಟಳು. ಊಟ ಮುಗಿಸಿ ಬರುವಷ್ಟರಲ್ಲಿ ತತಾಮಿ ಚಾಪೆಯ ಮೇಲೆ ಹಾಸಿಗೆ ಹಾಸಿತ್ತು. ನಾನು ಎಡಗೈಯವಳು. ರಾತ್ರಿ ಚಾಪ್‌ಸ್ಟಿಕ್ ಕೈ ಬದಲಿಸಿ ಹಿಡಿದದ್ದನ್ನು ಆಕೆ ನೋಡಿದ್ದಳು ಅಂತ ಕಾಣುತ್ತದೆ. ಬೆಳಿಗ್ಗೆ ತಿಂಡಿಗೆ ಕೂತರೆ, ನನ್ನ ಮುಂದೆ ಮಾತ್ರ ಚಾಪ್‌ಸ್ಟಿಕ್ ತುದಿ ಬಲಕ್ಕಿತ್ತು. ಒಂದು ಮಾತೂ ಆಡಲಿಲ್ಲ. ನನಗೆ ಗಂಟಲು ಕಟ್ಟಿತು.

ಹಾಗಂತ ಎಲ್ಲವನ್ನೂ ಊಹಿಸುತ್ತಾರೆ ಅಂದುಕೊಳ್ಳಬೇಡಿ. ನಾವು ಸಸ್ಯಾಹಾರಿಗಳು ಅಂತ ಬುಕ್ ಮಾಡುವಾಗಲೇ ಮಗಳು ಬರೆದಿದ್ದಳು. ಅದಕ್ಕೇ ಮೀನಿನ ದಾಶಿ, ಅಂದರೆ ಮೀನಿನ ಸಾರಿನ ಬದಲು ಕೊಂಬು ಎಂಬ ಕಡಲ ಪಾಚಿಯ ಸಾರು ಸಿಕ್ಕಿತು. ಕೇಳುವುದನ್ನೆಲ್ಲ ಮೊದಲೇ ಕೇಳಿ ಮುಗಿಸುತ್ತಾರೆ. ಅತಿಥಿ ಬಂದ ಮೇಲೆ ಬರೀ ನೋಡುತ್ತಾರೆ. ತೊಂದರೆ ಅಂದರೆ ಊಟದ ಹೊತ್ತು ಅವರದೇ, ಅಡುಗೆಯೂ ಅವರು ಹೇಳಿದ್ದೇ.

ಬಿಸಿನೆಸ್ ಹೋಟೆಲ್‌ನಲ್ಲಿ ಚೆಕ್-ಇನ್ ಮಾಡಿಸಿದ್ದು ಮಷಿನ್. ಕೋಣೆ ಇಕ್ಕಟ್ಟು. ಲಾಬಿಯ ಕಪಾಟಿನಲ್ಲಿ ಬಾಚಣಿಗೆ, ಚಹಾ ಚೀಲ, ಬೇರೆ ಬೇರೆ ದಿಂಬು ಇಟ್ಟಿದ್ದರು. ಬೇಕಾದ್ದು ತಗೊಂಡು ಹೋಗಬಹುದು. ತಡರಾತ್ರಿ ಸುಸ್ತಾಗಿ ಬಂದವರಿಗೆ ಇದೇ ಆರಾಮ.

ಊರಿಗೆ ಬಂದು ಮೊದಲು ಹೋಟೆಲ್ ಪದ್ಧತಿ ಶುರು ಮಾಡಿದೆ, ಅದು ಸುಲಭ ಅಲ್ವಾ! ಜಗಲಿಯಲ್ಲಿ ಕಪಾಟಿಟ್ಟು ಕಂಬಳಿ, ಟಾರ್ಚ್, ಕಷಾಯದ ಪುಡಿ ಜೋಡಿಸಿದೆ. ಬೆಂಗಳೂರಿನ ಹುಡುಗರಿಗೆ ಖುಷಿಯಾಯಿತು. ವಯಸ್ಸಾದವರು ಮಾತ್ರ ಕಪಾಟಿನ ಮುಂದೆ ಸುಮ್ನೆ ನಿಂತರು. ಬಂದವರಿಗೆ 'ಆಸರಿಗೆ ಬೇಕಾ' ಅಂತ ಕೇಳಿ ಬೆಲ್ಲ, ನೀರು ಕೊಡುವ ಸೀಮೆ ನಮ್ಮದು. ಅದಿಲ್ಲದೆ ಮನೆ ಮನೆಯಾಗಿ ಕಾಣಲಿಲ್ಲ.

ಆಮೇಲೆ ರಿಯೋಕಾನ್ ದಾರಿ ಹಿಡಿದೆ. ಅಡುಗೆಮನೆಯಲ್ಲಿ ಒಂದು ಪುಸ್ತಕ ಇಟ್ಟೆ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಮೊಣಕಾಲು ನೋವು, ಎಲ್ಲ ಅದರಲ್ಲಿ ಬರೆಯುತ್ತೇನೆ. 16ನೇ ಶತಮಾನದ ಚಹಾ ಗುರು ಸೆನ್ ನೋ ರಿಕ್ಯೂ ಹೇಳಿದ್ದೆನ್ನುವ ಏಳು ನಿಯಮಗಳಲ್ಲಿ, ಮಳೆ ಇಲ್ಲದಿದ್ದರೂ ಮಳೆಗೆ ಸಿದ್ಧವಾಗಿರು ಅನ್ನುವುದೂ ಒಂದು. ನಮ್ಮಲ್ಲಿ ಮಳೆಗಾಲ ಅಂದರೆ ಉಂಬಳ (ಜಿಗಣೆ). ಈಗ ತೋಟಕ್ಕೆ ಹೊರಡುವವರ ಶೂ ಪಕ್ಕ ಉಪ್ಪಿನ ಪೊಟ್ಟಣ ಇರುತ್ತದೆ.

ಒಮ್ಮೆ ತಪ್ಪಿದೆ. ರಾತ್ರಿ ಒಬ್ಬರು ಕೆಮ್ಮಿದ್ದು ಕೇಳಿ, ಬೆಳಿಗ್ಗೆ ಆರಕ್ಕೇ ಕಷಾಯ ಹಿಡಿದು ಬಾಗಿಲು ಬಡಿದೆ. ಅವರಿಗೆ ಬೆಳಗಿನ ಜಾವವಷ್ಟೇ ನಿದ್ದೆ ಹತ್ತಿತ್ತಂತೆ. ಹಕೋನೆಯಲ್ಲಿ ನನ್ನ ಬಾಗಿಲನ್ನು ಹಾಗೆ ಯಾರೂ ಬಡಿದಿರಲಿಲ್ಲ. ಈಗ ಕಷಾಯ ಫ್ಲಾಸ್ಕಿನಲ್ಲಿ ಹೊರಗಿರುತ್ತದೆ.

ನಾಲ್ಕೈದು ಕೋಣೆಯವರಿಗೆ ನನ್ನ ಸಲಹೆ ರಿಯೋಕಾನ್ ದಾರಿಯೇ, ಕಪಾಟೂ ಪಕ್ಕದಲ್ಲಿರಲಿ. ಕೋಣೆ ಜಾಸ್ತಿ ಇದ್ದರೆ ಪ್ರತಿಯೊಬ್ಬರನ್ನೂ ಹೀಗೆ ಗಮನಿಸುವುದು ಕಷ್ಟ, ಕಪಾಟೇ ವಾಸಿ. ನನಗೆ ಬಿಡಲು ಅತಿ ಕಷ್ಟವಾದದ್ದು ನಮ್ಮ ಬಲವಂತ. 'ಇನ್ನೊಂದು ಹೋಳಿಗೆ' ಅನ್ನದೆ ಬಡಿಸಿ ನನಗೆ ಗೊತ್ತೇ ಇಲ್ಲ. ಈಗ ಎರಡನೇ ಹೋಳಿಗೆಯನ್ನು, ತುಪ್ಪದ ಗಿಂಡಿ ಜೊತೆ, ಮುಚ್ಚಿ ಅವರ ಮುಂದಿಟ್ಟು ಒಳಗೆ ಹೋಗುತ್ತೇನೆ. ಎಷ್ಟೋ ಸಲ ತಟ್ಟೆ ಖಾಲಿಯಾಗಿರುತ್ತದೆ.