ಮೊಟ್ಟೆಯಿಡಲು ಬಂದ ಸೊಳ್ಳೆಗೆ ಕರಿ ಬಕೆಟ್: ಗ್ರಾವಿಡ್ ಟ್ರ್ಯಾಪ್ ಹೇಗಿದೆ?

ಗ್ರಾವಿಡ್ ಟ್ರ್ಯಾಪ್ ಅಂದರೆ ಮೊಟ್ಟೆ ತುಂಬಿದ ಹೆಣ್ಣುಸೊಳ್ಳೆಯನ್ನು ಹಿಡಿಯುವ ಬೋನು. ಕರೆಂಟ್ ಬೇಡ, ಗ್ಯಾಸ್ ಬೇಡ, ಫ್ಯಾನಿನ ಸದ್ದೂ ಇಲ್ಲ. ಕೆಳಗೆ ಕಪ್ಪು ಬಕೆಟ್, ಅದರಲ್ಲಿ ಸುಮಾರು 3 ಲೀಟರ್ ನೀರು. ನೀರಿನ ಮೇಲೆ ಕಪ್ಪು ಬಲೆ, ಅದರ ಮೇಲೆ ಬೋರಲು ಹಾಕಿದ ಮಬ್ಬು ಪಾರದರ್ಶಕ ಗೂಡು, ನೆತ್ತಿಯಲ್ಲಿ ಕಪ್ಪು ಲಾಳಿಕೆ. ಹುಲ್ಲು ಕೊಳೆತ ವಾಸನೆಗೆ ಒಳಗಿಳಿದ ಈಡಿಸ್ (ಡೆಂಗಿ ಹರಡುವ ಸೊಳ್ಳೆ ಕುಲ) ಹೆಣ್ಣಿಗೆ ಬಲೆ ದಾಟಿ ನೀರು ಮುಟ್ಟಲಾಗದು. ಬೆಳಕು ಕಂಡತ್ತ ಹಾರಿ, ಗೂಡಿನ ಗೋಡೆಯ ಎಣ್ಣೆಗೆ ರೆಕ್ಕೆ ಅಂಟಿ ಸಾಯುತ್ತದೆ.

ಹುಲಿಸೊಳ್ಳೆಯ ಸ್ವಭಾವಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಏಷ್ಯಾ ಮೂಲದ ಈ ಈಡಿಸ್ ಆಲ್ಬೋಪಿಕ್ಟಸ್ 1985ರಲ್ಲಿ ಟೆಕ್ಸಾಸ್, 1990ರಲ್ಲಿ ಇಟಲಿ ತಲುಪಿದ್ದು ಹಳೇ ಟೈರುಗಳ ವ್ಯಾಪಾರದ ಜೊತೆಗೆ. ಒಣಗಿದರೂ ಅದರ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. 2007ರಲ್ಲಿ ಇಟಲಿಯ ರವೆನ್ನಾ ಸೀಮೆಯಲ್ಲಿ ಚಿಕೂನ್‌ಗುನ್ಯ ಹಬ್ಬಿಸಿದ್ದೂ ಇದೇ. ಹೆಣ್ಣು ಎಲ್ಲ ಮೊಟ್ಟೆಗಳನ್ನೂ ಒಂದೇ ಕಡೆ ಇಡದೆ ಹಲವು ಪಾತ್ರೆ ಸುತ್ತುವುದರಿಂದ, ಆ ಸುತ್ತಿನಲ್ಲಿ ನಮ್ಮ ಬಕೆಟ್ಟೂ ಸಿಕ್ಕರಾಯಿತು. ರಕ್ತ ಕುಡಿದ ಮೂರ್ನಾಲ್ಕು ದಿನಕ್ಕೆ ಅದು ಮೊಟ್ಟೆಯಿಡಲು ಹೊರಡುತ್ತದೆ. ಡೆಂಗಿ ವೈರಸ್ ಅದರ ಜೊಲ್ಲಿಗಿಳಿಯಲು ಸಾಮಾನ್ಯವಾಗಿ 8ರಿಂದ 12 ದಿನ ಬೇಕು. ಟ್ರ್ಯಾಪಿನ ಲಾಭವಿರುವುದು ಈ ಅಂತರದಲ್ಲೇ: ರೋಗ ಹರಡುವ ಮೊದಲೇ ಹೆಣ್ಣು ಸಿಕ್ಕಿಬೀಳಬಹುದು.

ಒಂದು ಹಿಡಿ ಒಣಹುಲ್ಲು ಹಾಕಿ, ಬಕೆಟ್ಟಿನ ಪಕ್ಕದ ತೂತುಗಳ ಮಟ್ಟಕ್ಕೆ ನೀರು ತುಂಬಿ. ವಾಸನೆ ಹದಕ್ಕೆ ಬರಲು ಮೂರ್ನಾಲ್ಕು ದಿನ ಬೇಕು, ಮೊದಲ ದಿನವೇ ಇಣುಕಿ ನೋಡಿ ಬೈಯಬೇಡಿ. ಅಡುಗೆ ಎಣ್ಣೆಯನ್ನು ಗೂಡಿನ ಒಳಗೋಡೆಗೆ ತೆಳ್ಳಗೆ ಸ್ಪ್ರೇ ಮಾಡಿ. ದಪ್ಪವಾದರೆ ಇಳಿದು ಬಲೆಯ ಕಣ್ಣು ಮುಚ್ಚುತ್ತದೆ, ವಾಸನೆ ಮೇಲೇರುವುದಿಲ್ಲ. ಗಾಳಿ ಬಡಿಯದ ನೆರಳಲ್ಲಿ, ಗಿಡದ ಬುಡದಲ್ಲಿ, ನೆಲದ ಮೇಲೇ ಇಡಿ. ಬಿಸಿಲಿಗಿಟ್ಟರೆ ನೀರು ಆರಿಹೋಗಿ ಬಕೆಟ್ ದಂಡ.

ಕೆಡುವುದು ಹೆಚ್ಚಾಗಿ ಬಲೆಯ ಅಂಚಿನಲ್ಲಿ. ಜೋಡಿಸುವಾಗ ಒಂದು ಮಡಿಕೆ ಉಳಿದರೂ ಸಾಕು, ಹೆಣ್ಣು ನುಸುಳಿ ಮೊಟ್ಟೆಯಿಟ್ಟು, ವಾರ ಹತ್ತು ದಿನದಲ್ಲಿ ಟ್ರ್ಯಾಪೇ ಸೊಳ್ಳೆ ಕಾರ್ಖಾನೆ. ಬೆರಳಾಡಿಸಿ ಸುತ್ತ ಪರೀಕ್ಷಿಸಿ. ನೀರಿಗೆ ಬಿಟಿಐ (ಸೊಳ್ಳೆಮರಿ ಕೊಲ್ಲುವ ಬ್ಯಾಕ್ಟೀರಿಯಾ) ಮಾತ್ರೆಯ ಚೂರು ಹಾಕಿಡುವುದೂ ಒಳ್ಳೆಯದು. ಆದರೆ ತಿನ್ನುವ ಲಾರ್ವಾ ಮಾತ್ರ ಅದಕ್ಕೆ ಸಾಯುತ್ತದೆ. ಲಾರ್ವಾದ ಮುಂದಿನ ಹಂತವಾದ ಪ್ಯೂಪಾ ಏನೂ ತಿನ್ನದ ಕಾರಣ ತಪ್ಪಿಸಿಕೊಳ್ಳುತ್ತದೆ. ಪ್ಯೂಪಾ ಕಂಡರೆ ನೀರನ್ನು ಒಣನೆಲಕ್ಕೆ ಚೆಲ್ಲಿ ಹೊಸದು ತುಂಬಿ.

ಒಂದೇ ಟ್ರ್ಯಾಪ್ ಕೊಂಡು ಕಡಿತ ನಿಲ್ಲಲೆಂದು ಕಾಯುವವರಿಗೆ ನಿರಾಸೆ ಖಂಡಿತ. ಪೋರ್ಟೊ ರಿಕೊದಲ್ಲಿ ಇದೇ ತತ್ವದ, ಅಂಟುಹಾಳೆಯ ಟ್ರ್ಯಾಪ್‌ಗಳಿಂದ ಹುಲಿಸೊಳ್ಳೆಯ ಹತ್ತಿರದ ಜಾತಿಯಾದ ಈಡಿಸ್ ಈಜಿಪ್ಟೈ ಅರ್ಧಕ್ಕಿಂತ ಹೆಚ್ಚು ಇಳಿದದ್ದು ಊರಿನ 80%ಕ್ಕೂ ಹೆಚ್ಚು ಮನೆಗಳಲ್ಲಿ ಮೂರು ಮೂರು ಇಟ್ಟಾಗ. ಸುತ್ತ ಹೂಕುಂಡದ ತಟ್ಟೆ, ಟೈರು, ಮುಚ್ಚದ ಡ್ರಮ್ಮು ಹಾಗೇ ಇದ್ದರೆ ಸೊಳ್ಳೆ ಈ ಬಕೆಟ್ಟನ್ನೇ ಯಾಕೆ ಆರಿಸಬೇಕು? ಇನ್ನು ನಿಮ್ಮ ಕಾಟವೆಲ್ಲ ರಾತ್ರಿಯ ಕಡಿತದ್ದಾದರೆ ಅದು ಬೇರೆ ಜಾತಿಯ ಸೊಳ್ಳೆ; ಇದನ್ನು ಕೊಳ್ಳಬೇಡಿ, ಹಾಸಿಗೆಗೆ ಪರದೆ ಕಟ್ಟಿ.